ಅವ್ವನನ್ನು ಗೋಡೆಗೆ ಹಚ್ಚಿದ ಕಾಕಾ

ಮೊನ್ನೆ ಮಂಗಳವಾರ ಬೆಳಿಗ್ಗೆ ಬೆಟಗೇರಿಯ ನನ್ನ ಕೋಣೆಯಲ್ಲಿ, ಕೆಲಸದ ಹಲಗೆಯ ಕೆಳಗೆ ಮರೆತಿದ್ದ ಪ್ಲಾಸ್ಟಿಕ್ ಡಬ್ಬಿಯೊಂದರ ಮುಚ್ಚಳ ತೆಗೆದೆ. ಮಣ್ಣಿನ ಪಾತ್ರೆಗಳಿಗೆ ಗಾಜಿನ ಹೊಳಪು ಕೊಡಲು ಕಲಸಿಟ್ಟಿದ್ದ ದ್ರವ ಅದು. ಪಾತ್ರೆಗೆ ಹಿಡಿದುಕೊಳ್ಳಲಿ ಎಂದು ಅದಕ್ಕೆ ಸ್ವಲ್ಪ ಅಂಟು ಸೇರಿಸಿರುತ್ತೇವೆ. ಬೇಸಿಗೆಯಲ್ಲಿ ಹಾಗೇ ಬಿಟ್ಟರೆ ಆ ಅಂಟು ಕೊಳೆಯುತ್ತದೆ. ಕಲಸಿದ ತಾರೀಖನ್ನು ಡಬ್ಬಿಯ ಮೇಲೆ ಬರೆದಿದ್ದೆ, ಬರೆದೂ ಮರೆತಿದ್ದೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆದದ್ದು ಹಳೆಯ ಉಚ್ಚೆಯ ವಾಸನೆ. ಬಿಸಿಲಿಗೆ ಒಣಗಿ, ಮತ್ತೆ ಹಸಿಯಾಗಿ, ಮತ್ತೆ ಒಣಗಿದ ಗೋಡೆಯ ವಾಸನೆ... ಬಾಗಿಲಿಗೆ ಓಡಿ, ಆಗಷ್ಟೇ ಕುಡಿದ ಚಹಾವನ್ನು ಗಟಾರಕ್ಕೆ ಕಾರಿಕೊಂಡೆ. ಬಾಯಿ ತೊಳೆದುಕೊಳ್ಳುವಾಗ ಟೈಲ್ಸ್ ಅಂಗಡಿಯ ಕಾಕಾ ನೆನಪಾದರು.

ಅವರು ನನಗೆ ಸಂಬಂಧಿಕರಲ್ಲ. ಗದಗಿನ ಮಾರ್ಕೆಟ್ಟಿನಿಂದ ಬಸ್ ನಿಲ್ದಾಣಕ್ಕೆ ಹೋಗುವ ಒಂದು ಓಣಿಯಲ್ಲಿ ಅವರ ಅಂಗಡಿ ಇತ್ತು. ಟೈಲ್ಸ್, ನಲ್ಲಿ, ವಾಶ್ ಬೇಸಿನ್, ಕಮೋಡ್ ಮಾರುತ್ತಿದ್ದರು. ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಊರು ಯಳವತ್ತಿ. ಅಷ್ಟು ಸ್ವಚ್ಛ ಇರುವ ಮತ್ತೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಬಿಳಿ ಧೋತರ, ಬಿಳಿ ಅಂಗಿ, ಹೆಗಲ ಮೇಲೆ ಮೂಗಿಗೆಂದೇ ಒಂದು ಟವೆಲ್. ಚಹಾದ ಗ್ಲಾಸಿನ ಅಂಚಿಗೆ ನೊಣ ಕೂತರೆ ಚಹಾ ಚೆಲ್ಲಿ ಗ್ಲಾಸನ್ನೂ ಬದಿಗಿಡುತ್ತಿದ್ದರು. ಹೋಟೆಲಿನ ತಿಂಡಿ ಮುಟ್ಟುತ್ತಿರಲಿಲ್ಲ. ಗಿರಾಕಿ ಉಗುಳು ಹಚ್ಚಿ ನೋಟು ಎಣಿಸಿದರೆ ಆ ನೋಟನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಹಣದ ಗಲ್ಲೆಯೊಳಗೆ ಬೀಳಿಸಿ, "ಥೂ, ಹೇಸಿಗಿ" ಎಂದು ಕೈ ತೊಳೆಯುತ್ತಿದ್ದರು. ಇಂಥವರ ಅಂಗಡಿಯ ಪಕ್ಕದ ಗೋಡೆ, ಆ ಓಣಿಯ ಗಂಡಸರೆಲ್ಲ ಉಚ್ಚೆ ಹೊಯ್ಯುವ ಗೋಡೆಯಾಗಿತ್ತು.

ಅದೂ ಅವರದೇ ಗೋಡೆ. ಗೋಡೆಯ ಒಳಬದಿಯಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಹೊಸ ಕಮೋಡುಗಳು ಸಾಲಾಗಿ ಹೊಳೆಯುತ್ತ ಕೂತಿರುತ್ತಿದ್ದವು. ಹೊರಬದಿಯಲ್ಲಿ ಗಂಡಸರು ಸಾಲಾಗಿ ನಿಂತಿರುತ್ತಿದ್ದರು. ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಬಸ್ಸಿನಿಂದ ಇಳಿದವರು, ಹತ್ತುವವರು, ಹಮಾಲರು, ಬ್ಯಾಗು ಹಿಡಿದ ನೌಕರರು. ಹೆಂಗಸರು ಅಲ್ಲಿಗೆ ಬಂದಾಗ ತಲೆ ತಗ್ಗಿಸಿ ಓಣಿಯ ಆಚೆ ಬದಿಗೆ ದಾಟುತ್ತಿದ್ದರು. ನನ್ನೂರು ಲಕ್ಷ್ಮೇಶ್ವರದಿಂದ ಮನೆಯ ಬುತ್ತಿ ಕಟ್ಟಿಕೊಂಡು ಬರುವಾಗ ನಾನೂ ದಾಟುತ್ತಿದ್ದೆ.

ನಾನು ಕಾಕಾನ ಅಂಗಡಿಗೆ ಹೋದದ್ದು ಟೈಲ್ಸಿಗಾಗಿ. ಚಿತ್ರಕಲೆ ಓದಿ, ಮಣ್ಣಿನ ಕೆಲಸ ಕಲಿತು, ಬೆಟಗೇರಿಯಲ್ಲಿ ಒಂದು ಕೋಣೆ ಹಿಡಿದು, ಕರೆಂಟಿನ ಸಣ್ಣ ಭಟ್ಟಿ ಇಟ್ಟುಕೊಂಡಿದ್ದೆ. ಆ ವರ್ಷ ಫೋನಿನ ಗುಂಪೊಂದರಲ್ಲಿ ದಿನಕ್ಕೊಂದು ಚಿತ್ರ ಬರೆಯುವ ಚಾಲೆಂಜ್ ಶುರುವಾಗಿತ್ತು. ಒಂದು ದಿನವೂ ತಪ್ಪಬಾರದು, ಬರೆದದ್ದರ ಫೋಟೋ ಅದೇ ದಿನ ಹಾಕಬೇಕು. ಉಳಿದವರು ಕಾಗದದ ಮೇಲೆ ಬರೆಯುತ್ತಿದ್ದರು, ನಾನು ಟೈಲ್ಸಿನ ಮೇಲೆ. ಪುಡಿಬಣ್ಣವನ್ನು ಲವಂಗದ ಎಣ್ಣೆಯಲ್ಲಿ ಅರೆದು ಬರೆದು ಭಟ್ಟಿಯಲ್ಲಿ ಸುಟ್ಟರೆ ಬಣ್ಣ ಗಾಜಿನೊಳಗೇ ಕೂತುಬಿಡುತ್ತದೆ. ತಿಕ್ಕಿದರೂ ತೊಳೆದರೂ ಹೋಗುವುದಿಲ್ಲ. ದಿನಾ ಬರೆಯುತ್ತಿದ್ದೆ, ಶನಿವಾರ ಒಟ್ಟಿಗೆ ಸುಡುತ್ತಿದ್ದೆ. ನಾನು ದಿನಚರಿ ಬರೆಯುವವಳು. ತಾರೀಖು, ಚಿತ್ರದ ವಿಷಯ, ಎಷ್ಟು ಮೆಚ್ಚುಗೆ, ಎಲ್ಲಕ್ಕೂ ಗೆರೆ ಎಳೆದು ಲೆಕ್ಕ ಇಡುತ್ತಿದ್ದೆ. ಕೆಲವೇ ವಾರಗಳಲ್ಲಿ ಆ ಲೆಕ್ಕ ನೋಡಿದರೆ ನನಗೇ ಅಸಹ್ಯವಾಗತೊಡಗಿತ್ತು. ಕಮಲಕ್ಕೆ ಮೆಚ್ಚುಗೆ ಹೆಚ್ಚು, ನವಿಲಿಗೆ ಇನ್ನೂ ಹೆಚ್ಚು. ಗಟಾರದ ಹಂದಿಯನ್ನು ಮನಸ್ಸಿಟ್ಟು ಬರೆದ ದಿನ ಒಬ್ಬರೂ ತಿರುಗಿ ನೋಡಿರಲಿಲ್ಲ. ಹಾಗಾಗಿ ನಾನು ಮತ್ತೆ ಕಮಲ ಬರೆದಿದ್ದೆ.

ಮೂಲೆ ಮುಕ್ಕಾದ ಬಿಳಿ ಟೈಲ್ಸ್ ಇದ್ದರೆ ಕೊಡಿ ಎಂದು ಕೇಳಿದಾಗ ಕಾಕಾ ಯಾಕೆ ಎಂದು ವಿಚಾರಿಸಿದರು. ಹೇಳಿದೆ.

"ದಿನಾ ಒಂದ ಚಿತ್ರಾ? ಬರದು ಏನ್ ಮಾಡ್ತೀಯವಾ?"

"ಫೋಟೋ ತಗದು ಫೋನ್ಯಾಗ ಹಾಕ್ತೀನ್ರಿ ಕಾಕಾ."

"ಆಮ್ಯಾಲೆ?"

"ಡಬ್ಬ್ಯಾಗ ಇಡ್ತೀನ್ರಿ."

"ಡಬ್ಬ್ಯಾಗ ಇಡಾಕ ಬರೀತಿ? ನಿನಗ ಬ್ಯಾರೆ ಉದ್ಯೋಗ ಇಲ್ಲೇನಬೇ?" ಎಂದು ಮೂಗಿನ ಟವೆಲ್ ತೆಗೆದು ನಕ್ಕರು. ಆಮೇಲೆ ನಗು ನಿಲ್ಲಿಸಿ ಪಕ್ಕದ ಗೋಡೆಯ ಕಡೆ ನೋಡಿದರು. "ನನಗ ಕೊಡ. ಆ ಗ್ವಾಡಿಗೆ ಹಚ್ಚತೀನಿ. ಚಂದ ಇದ್ದದ್ದರ ಮ್ಯಾಲೆ ಹೊಯ್ಯಾಕ ನಾಚಿಕಿ ಬಂದೀತು."

ಆ ಗೋಡೆಗೆ ಮೊದಲು ಅವರು ಎಲ್ಲರೂ ಮಾಡುವಂತೆ ದೇವರ ಟೈಲ್ಸ್ ಹಚ್ಚಿದ್ದರಂತೆ. ಒಂದು ದಿನ ದೇವರ ಪಾದ ಹಸಿಯಾದದ್ದು ಕಂಡು, ತಾವೇ ಕಿತ್ತು ತಂದು, ತೊಳೆದು, ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡಿದ್ದರು. "ದೇವರ್ನ ಉಚ್ಚಿ ಕಾಯಾಕ ನಿಂದ್ರಿಸಿದ್ನೆಲ್ಲ, ನನ್ನಂಥಾ ಹೊಲಸ ಮನಶ್ಯಾ ಯಾರದಾರ" ಎನ್ನುತ್ತಿದ್ದರು. ಅಂದಿನಿಂದ ಗೋಡೆ ಬೋಳಾಗಿತ್ತು. ಅಂಗಡಿಗೆ ಹೆಂಗಸರು ಬರುವುದು ನಿಂತಿತ್ತು. ಮನೆ ಕಟ್ಟಿಸುವವರಲ್ಲಿ ಟೈಲ್ಸ್ ಆರಿಸುವವರು ಹೆಂಗಸರೇ. ಆದರೆ ಕಾಕಾನ ಸಂಕಟ ವ್ಯಾಪಾರದ್ದಲ್ಲ ಎಂದು ನನಗೆ ಬೇಗ ತಿಳಿಯಿತು. ಮನುಷ್ಯನಿಗೆ ಹೇಸಿಗೆ ಅನ್ನುವುದು ಇದ್ದೇ ಇರುತ್ತದೆ, ಅದನ್ನು ಎಬ್ಬಿಸುವ ವಸ್ತು ಯಾವುದೋ ಒಂದು ಇದ್ದೇ ಇದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಅದು ಸಿಗುವ ತನಕ ಅವರಿಗೆ ಊಟ ಸೇರುತ್ತಿರಲಿಲ್ಲ.

ಹೀಗೆ ನನ್ನ ದಿನದ ಚಿತ್ರಗಳು ಡಬ್ಬಿ ಬಿಟ್ಟು ಗೋಡೆಗೆ ಹೋದವು. ಅಂಟು ಸ್ವಲ್ಪವೇ ಹಾಕಿ ದಿನಕ್ಕೊಂದರಂತೆ ಹಚ್ಚುತ್ತಿದ್ದರು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವಾಗ ಇಬ್ಬರೂ ಮೂಗು ಮುಚ್ಚಿಕೊಂಡು ಹೋಗಿ ನೋಡುವುದು. ನನ್ನ ದಿನಚರಿಯಲ್ಲಿ ಮೆಚ್ಚುಗೆಯ ಕಾಲಂ ಹೊಡೆದುಹಾಕಿ 'ಒಣ', 'ಹಸಿ' ಎಂದು ಎರಡು ಕಾಲಂ ಎಳೆದೆ. ಕಮಲ: ಹಸಿ. ಸೂರ್ಯಕಾಂತಿ: ಹಸಿ. ತೆರೆದ ಒಂದು ದೊಡ್ಡ ಕಣ್ಣು: ಹಸಿ, ಮೇಲೊಂದು ಬೀಡಿಯ ತುಂಡು. ತುಳಸಿಯ ಗಿಡ: ಎರಡು ದಿನ ಒಣ, ಮೂರನೆಯ ದಿನ ಯಾರೋ ಗಿಡಕ್ಕೆ ನೀರು ಹಾಕಿದಂತೆ ಸರಿಯಾಗಿ ಬುಡಕ್ಕೇ...

ನವಿಲನ್ನು ಹಚ್ಚಿದ ದಿನ ನಾವು ಬೆಳಿಗ್ಗೆ ಹೋದಾಗ ಒಬ್ಬ ನಿಂತೇ ಇದ್ದ. ನಮ್ಮನ್ನು ಕಂಡು ಓಡುತ್ತಾನೆಂದುಕೊಂಡೆ. ಅವನು ನಿಂತಲ್ಲಿಂದಲೇ ಹೆಗಲ ಮೇಲಿಂದ ತಿರುಗಿ ನೋಡಿದ.

"ಯವ್ವಾ, ಇದನ್ನ ಬರದಾಕಿ ನೀನ ಏನ? ನವಿಲಿನ ಕಾಲು ಕೋಳಿ ಕಾಲ ಆಗ್ಯಾವ ನೋಡ."

ಕಾಕಾ ಕಿರುಚಿದರು. "ಅದನ್ನ ಹೇಳಾಕ ನಿಂತೀಯೇನಲೇ ಅಲ್ಲಿ?"

"ಇಲ್ರಿ ಕಾಕಾ, ಹೆಂಗೂ ನಿಂತಿದ್ದೆ, ಅದಕ್ಕ ಹೇಳಿದೆ."

ಅವನು ಹೇಳಿದ್ದು ಖರೆ. ಗುಂಪಿನಲ್ಲಿ ನೂರಾರು ಮಂದಿ ಆ ನವಿಲಿಗೆ ಹೃದಯದ ಗುರುತು ಒತ್ತಿದ್ದರು, ಕಾಲು ಯಾರಿಗೂ ಕಂಡಿರಲಿಲ್ಲ. ಕಂಡವನು ಲಾಡಿ ಬಿಚ್ಚಿಕೊಂಡು ನಿಂತ ಒಬ್ಬ. ಆ ಸಂಜೆ ಬ್ರಶ್ ಹಿಡಿದಾಗ ಕೈಗೆ ಆ ವಾಸನೆ ಅಂಟಿಕೊಂಡಂತಾಗಿ ಎರಡು ಸಲ ಸಾಬೂನು ಹಚ್ಚಿದೆ. ಮುಂದಿನ ವಾರ ಆ ನವಿಲು ಗೋಡೆಯ ಮೇಲೇ ಇರಲಿಲ್ಲ. ಯಾರೋ ಉಳಿಯಿಂದ ಎಬ್ಬಿಸಿ ಒಯ್ದಿದ್ದರು. ಯಾರ ಮನೆಯ ಅಡುಗೆಕಟ್ಟೆಯ ಮೇಲೆ ಅದು ಈಗ ಕೂತಿದೆಯೋ...

ಆಮೇಲೆ ರೊಟ್ಟಿಯ ಸರದಿ. ಅದು ಕಾಕಾನದೇ ಯೋಚನೆ. "ಅನ್ನ ತಿನ್ನೂ ಮಗಾ ಯಾವನೂ ರೊಟ್ಟಿ ಮ್ಯಾಲೆ ಹೊಯ್ಯಂಗಿಲ್ಲ" ಎಂದರು. ಗಂಗಾಳದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಬರೆದೆ. ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆಗಳಿಗೆ ಒಂದು ಮಧ್ಯಾಹ್ನವೇ ಹಿಡಿಯಿತು. ಮೂರು ದಿನ ಒಣ. ನಾಲ್ಕನೆಯ ಬೆಳಿಗ್ಗೆ ರೊಟ್ಟಿಯಿಂದ ಹನಿ ಇಳಿಯುತ್ತಿತ್ತು. ಕಾಕಾ ಮಧ್ಯಾಹ್ನ ಮನೆಯಿಂದ ಬಂದ ಬುತ್ತಿಯ ಗಂಟು ಬಿಚ್ಚದೆ ವಾಪಸು ಕಳಿಸಿದರು.

ಅಂದು ಸಂಜೆ ಗಲ್ಲೆಯ ಹಿಂದೆ ಕೂತು ಹೇಳಿದರು. "ದೇವರ ಅಂಜಿಕಿ ಇಲ್ಲ, ಅನ್ನದ ಅಂಜಿಕಿ ಇಲ್ಲ. ಆದ್ರ ತಾಯಿ ಮಾರಿ ಮುಂದ ಯಾವ ಗಂಡಸೂ ಲಾಡಿ ಬಿಚ್ಚಂಗಿಲ್ಲ, ಇದನ್ನ ಬರಕೋ. ನಮ್ಮವ್ವನ ಬರಿ."

"ಯಾರರ ಒಂದ ಮಾರಿ ಬರೀತೀನ್ರಿ ಕಾಕಾ. ನಿಮ್ಮವ್ವಂದ ಯಾಕ?"

"ಯಾರರ ಅಂದ್ರ ಯಾರ ತಾಯಿನೂ ಅಲ್ಲ. ನೋಡೂ ಕಣ್ಣು ಖರೇ ಇರಬೇಕು."

ಇದು ಕಾಕಾ ಒಬ್ಬರೇ ಮಾಡಬಹುದಾಗಿದ್ದ ತಪ್ಪು. ದೇವರನ್ನು ಆ ಗೋಡೆಯಿಂದ ಇಳಿಸಿ ತಲೆಗೆ ನೀರು ಹಾಕಿಕೊಂಡ ಮನುಷ್ಯ, ತನ್ನ ಅವ್ವನನ್ನು ಅಲ್ಲಿ ನಿಲ್ಲಿಸಲು ಹೊರಟಿದ್ದರು. ದೇವರಿಗಿಂತ ಅವ್ವನ ಮೇಲೆ ಅವರಿಗೆ ಹೆಚ್ಚು ಭರವಸೆಯಿತ್ತು.

ಅವ್ವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಇದ್ದದ್ದು ಒಂದು ಗುರುತಿನ ಚೀಟಿಯ ಮಸುಕು ಫೋಟೋ, ಮದುವೆಯೊಂದರ ಗುಂಪಿನಲ್ಲಿ ಅರ್ಧ ಕಾಣುವ ಮುಖ. ಕಾಕಾ ಬೆಟಗೇರಿಯ ನನ್ನ ಕೋಣೆಗೇ ಬಂದು, ಕುರ್ಚಿಯನ್ನು ಟವೆಲ್ಲಿನಿಂದ ಒರೆಸಿ ಕೂತು ತಿದ್ದಿಸಿದರು. ಎಡಗಣ್ಣು ತುಸು ಸಣ್ಣದು. ಮೇಲಿನ ಹಲ್ಲು ಮುಂದು. ಹಣೆಯ ತುಂಬ ವಿಭೂತಿ. ತಲೆಯ ಮೇಲೆ ಇಳಕಲ್ ಸೆರಗು. "ನಗಸಬ್ಯಾಡ, ಸಿಟ್ಟಿನಾಕಿ ಇದ್ಲು" ಎಂದರು. ಕಿವಿಯಲ್ಲಿ ಏನಿತ್ತೆಂದು ಕೇಳಿದೆ. ಅವರಿಗೆ ನೆನಪಾಗಲಿಲ್ಲ. ಜೊತೆಗೆ ಬಂದು ಹೊಸ್ತಿಲಲ್ಲೇ ಕೂತಿದ್ದ ಅವರ ಹೆಂಡತಿ, ನಾನು ಕಾಕು ಅನ್ನುತ್ತಿದ್ದೆ, ಅಲ್ಲಿಂದಲೇ ಹೇಳಿದರು.

"ಏನೂ ಇರಲಿಲ್ಲ. ಬೆಂಡವಾಲಿ ಮಾರಿ ನಿಮ್ಮ ಅಂಗಡಿಗೆ ಕೊಟ್ಟಿದ್ರಲ್ಲ."

ನಾನು ಕಿವಿಯ ತೂತನ್ನು ಮಾತ್ರ ಬರೆದೆ.

ಆ ಶನಿವಾರ ಭಟ್ಟಿ ಸುಡುವಾಗ ಕರೆಂಟು ಹೋಗದಿರಲೆಂದು ಬೇಡಿಕೊಂಡೆ, ಹೋಗಲಿಲ್ಲ. ಸುಟ್ಟ ಮೇಲೆ ಕೆನ್ನೆಯ ಕಂದು, ನಾನು ಅರೆದದ್ದಕ್ಕಿಂತ ಚೆನ್ನಾಗಿ ಬಂದಿತ್ತು. ಆ ಇಡೀ ವರ್ಷದಲ್ಲಿ ನಾನು ಬರೆದ ಒಳ್ಳೆಯ ಚಿತ್ರ ಅದೊಂದೇ. ಬರೆದ ದಿನವೇ ಗುಂಪಿನಲ್ಲಿ ಹಾಕಿದಾಗ 'ಕ್ಯೂಟ್ ಅಜ್ಜಿ' ಎಂದು ಯಾರೋ ಬರೆದಿದ್ದರು. ಫೋನನ್ನು ಮಗುಚಿ ಇಟ್ಟೆ.

ನವಿಲಿನಂತೆ ಇದೂ ಕಳುವಾಗಬಾರದು ಎಂದು ಕಾಕಾ ಈ ಸಲ ಅಂಟು ಹಿಡಿಯಲೆಂದು ಗೋಡೆಗೆ ತಾವೇ ಕಚ್ಚು ಹೊಡೆದು, ಟೈಲ್ಸಿನ ಬೆನ್ನ ತುಂಬ ಗಟ್ಟಿ ಅಂಟು ಮೆತ್ತಿ, ಸುತ್ತ ಸಿಮೆಂಟ್ ತುಂಬಿದರು. ಗಾರೆ ಕೆಲಸದ ಗೌಂಡಿಗೆ ಮುಟ್ಟಗೊಡಲಿಲ್ಲ. ಎದೆಯ ಎತ್ತರಕ್ಕೆ ಹಚ್ಚಿ, ಹಿಂದೆ ಸರಿದು ನೋಡಿ, "ಇನ್ನ ಗ್ವಾಡಿ ಬಿದ್ರ ಅವ್ವ ಬೀಳಬೇಕು, ಇಲ್ಲಾಂದ್ರ ಇಲ್ಲ" ಎಂದರು.

ಮೊದಲ ದಿನ ಒಣ. ಎರಡನೆಯ ದಿನ ಒಣ. ಒಂದು ವಾರ ಪೂರ್ತಿ ನನ್ನ ದಿನಚರಿಯಲ್ಲಿ ಒಂದೇ ಕಾಲಂ ತುಂಬಿತು. ಗಂಡಸರು ಬರುತ್ತಿದ್ದರು, ಕೈ ಸೊಂಟಕ್ಕೆ ಹೋಗುತ್ತಿತ್ತು, ತಲೆ ಎತ್ತುತ್ತಿದ್ದರು, ಮುಂದೆ ಹೋಗುತ್ತಿದ್ದರು. ನನಗೂ ನಂಬಲಾಗಲಿಲ್ಲ. ಬಿಸಿಲಿಗೆ ವಾಸನೆ ದಿನದಿನಕ್ಕೆ ತೆಳ್ಳಗಾಯಿತು. ಕೊತ್ತಂಬರಿ ಮಾರುವ ಹೆಂಗಸೊಬ್ಬಳು ಅವ್ವನ ಕೆಳಗೆ ಗೋಣಿತಟ್ಟು ಹಾಸಿ ಕೂತಳು. ಕಾಕಾ ಅಂದು ತಮ್ಮ ಜನ್ಮದಲ್ಲಿ ಮೊದಲ ಸಲ ರಸ್ತೆಯ ಬದಿಯ ಮಿರ್ಚಿ ಭಜಿ ತಿಂದರು. ಒಂದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, "ನೋಡಿದಿ? ನಮ್ಮವ್ವ!" ಎಂದರು. ಅವರ ಬಾಯಂಚಿನಲ್ಲಿ ಎಣ್ಣೆ ಹತ್ತಿತ್ತು. ಒರೆಸಿಕೊಳ್ಳಲಿಲ್ಲ.

ಮುಂದಿನದನ್ನು ಬರೆಯಲು ಕೈ ಹಿಂದೆ ಸರಿಯುತ್ತದೆ...

ಸೋಮವಾರ ಬೆಳಿಗ್ಗೆ. ಅವ್ವನ ಮುಖದ ಮೇಲೆ ಗುಟ್ಕಾ ಉಗುಳಿದ್ದರು. ಸಣ್ಣ ಎಡಗಣ್ಣಿನಿಂದ ಕೆಂಪು ಎಂಜಲು ಇಳಿದು ಮುಂದಿನ ಹಲ್ಲಿನ ಮೇಲೆ ಒಣಗಿತ್ತು. ಕೆಳಗೆ ಗೋಡೆ ಹಸಿಯಾಗಿತ್ತು. ಒಬ್ಬನದಲ್ಲ, ಮೂರು ನಾಲ್ಕು ಕಡೆ ಹಸಿ. ಯಾರೋ ಒಬ್ಬ ನಾಚಿಕೆ ಬಿಟ್ಟಿದ್ದ, ಉಳಿದವರು ಅವನ ಹಿಂದೆ ಸಾಲು ಹಚ್ಚಿದ್ದರು. ನಾನು ವೇಲಿನಿಂದ ಮೂಗು ಮುಚ್ಚಿಕೊಂಡು ದೂರ ನಿಂತೆ. ಕಾಕಾ ಬಕೆಟ್ಟಿನಲ್ಲಿ ನೀರು ತಂದರು. ನಾನು ಫಿನಾಯಿಲ್ ಬಾಟಲಿ ಮುಂದೆ ಹಿಡಿದೆ.

"ಬ್ಯಾಡ. ಕಣ್ಣ ಉರೀತಾವ."

ಟವೆಲ್ ತೆಗೆದುಕೊಳ್ಳಲಿಲ್ಲ. ನೊಣ ಕೂತ ಗ್ಲಾಸು ಮುಟ್ಟದ ಆ ಮನುಷ್ಯ ಬರಿಗೈಯಲ್ಲಿ, ಮಗುವಿನ ಮುಖ ತೊಳೆಯುವ ಹಾಗೆ, ಹಣೆ, ಕಣ್ಣು, ತುಟಿ ಎಂದು ಮೆಲ್ಲಗೆ ತಿಕ್ಕಿ ತೊಳೆದರು. ಕೆಂಪು ನೀರು ಮೊಣಕೈಗೆ ಇಳಿದು ಬಿಳಿ ಅಂಗಿಗೆ ಹತ್ತಿತು. ಕೊತ್ತಂಬರಿ ಹೆಂಗಸು ಬಂದವಳು ನೋಡಿ ಗೋಣಿತಟ್ಟನ್ನು ಬಗಲಲ್ಲಿ ಇಟ್ಟುಕೊಂಡು ಹೊರಟುಹೋದಳು.

ಅಂದೇ ಅವ್ವನನ್ನು ಕೀಳಲು ನೋಡಿದರು. ಉಳಿ ಇಟ್ಟು ಮೂಲೆಯಲ್ಲಿ ಒಂದೇ ಪೆಟ್ಟು ಹಾಕಿದ್ದೇ ತಡ, ಟೈಲ್ಸಿನ ಅಂಚಿನಿಂದ ಸೆರಗಿನ ತನಕ ಕೂದಲಿನಷ್ಟು ತೆಳುವಾದ ಬಿರುಕು ಓಡಿತು. ಕಾಕಾ ಉಳಿ ಬಿಸಾಕಿದರು. ತಾವೇ ಹಾಕಿದ ಅಂಟು ತಮ್ಮ ಮಾತಿನಂತೆಯೇ ಬಿಗಿಯಾಗಿ ಹಿಡಿದಿತ್ತು. ಮುಖ ಒಡೆಯದೆ ಅವ್ವ ಅಲ್ಲಿಂದ ಬರುವಂತಿರಲಿಲ್ಲ.

"ಮ್ಯಾಲೆ ಇನ್ನೊಂದ ಟೈಲ್ಸ್ ಹಚ್ಚಿ ಮುಚ್ಚೂಣ್ರಿ ಕಾಕಾ" ಎಂದೆ.

ಅವರು ತಮ್ಮ ಬಲಗೈ ಮುಂದೆ ಹಿಡಿದರು. "ಆಕಿ ಮಾರಿ ಮ್ಯಾಲೆ ಒಮ್ಮಿ ಈ ಕೈಲೆ ಮಣ್ಣ ಹಾಕೇನಿ. ಎರಡನೇ ಸಲಾ ಹಾಕಂಗಿಲ್ಲವಾ."

ಒಡೆಯುವಂತಿಲ್ಲ, ಮುಚ್ಚುವಂತಿಲ್ಲ, ಬಿಡುವಂತಿಲ್ಲ. ಅವರು ಉಳಿದ ಒಂದೇ ದಾರಿ ಹಿಡಿದರು. ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗೋಡೆಯ ಪಕ್ಕ ಹಾಕಿಕೊಂಡು ಕೂತರು. ಅವರು ಕೂತಿದ್ದಾಗ ಯಾರೂ ನಿಲ್ಲುತ್ತಿರಲಿಲ್ಲ. ಎದ್ದು ಹೋದರೆ ನಿಲ್ಲುತ್ತಿದ್ದರು. ಹಾಗಾಗಿ ಬೆಳಿಗ್ಗೆ ಇನ್ನಷ್ಟು ಬೇಗ ಬಂದರು, ಸಂಜೆ ಇನ್ನಷ್ಟು ತಡ ಮಾಡಿದರು. ಆದರೂ ಬೆಳಿಗ್ಗೆಯ ಮೊದಲ ಕೆಲಸ ಬಕೆಟ್ಟು, ಬರಿಗೈ, ಅವ್ವನ ಮುಖ. ಅಂಗಡಿಯಲ್ಲಿ ಕಾಕು ಕೂತರು. ನಾನು ಹೋದರೆ ಗಲ್ಲೆಯ ಹಿಂದಿನಿಂದ ಗೋಡೆಯ ಕಡೆ ಕತ್ತು ಹೊರಳಿಸುತ್ತಿದ್ದರು.

"ನೋಡವಾ ನಿಮ್ಮ ಕಾಕಾನ. ಸತ್ತಾಕಿನ್ನ ಕಾಯಾಕ ಕುಂತಾರ. ಜಡ್ಡ ಬಿದ್ದಾಗ ಆಕಿ ಮಗ್ಗಲದಾಗ ಒಂದಿನ ಕುಂತಿರಲಿಲ್ಲ. ಹಾಸಿಗಿ ವಾಸನಿ ಬರ್ತೈತಿ ಅಂತ ಬಾಗಲಾಗ ನಿಂತು ಮಾತಾಡಸ್ತಿದ್ರು. ಬಳದಾಕಿ ನಾನು."

ಕಾಕಾಗೆ ಇದು ಕೇಳಿಸುತ್ತಿತ್ತು. ಕೇಳಲೆಂದೇ ಕಾಕು ಹೇಳುತ್ತಿದ್ದರು. ಅವರು ಕುರ್ಚಿಯಲ್ಲಿ ಅಲ್ಲಾಡುತ್ತಿರಲಿಲ್ಲ. ಮೂಗಿನ ಟವೆಲ್ ಯಾವಾಗಲೋ ಬಿಟ್ಟುಬಿಟ್ಟಿದ್ದರು. ಅವರ ಧೋತರದ ಅಂಚು ಹಳದಿಗಟ್ಟಿತ್ತು, ಹತ್ತಿರ ಹೋದರೆ ಅವರಿಂದಲೂ ಆ ವಾಸನೆ ಬರುತ್ತಿತ್ತು. ನನಗೆ ಗಂಡಸರ ಮೇಲೆ ಹೇಸಿಗೆ, ಗೋಡೆಯ ಮೇಲೆ ಹೇಸಿಗೆ, ನಾನು ಬರೆದ ಮುಖದ ಮೇಲೂ ಹೇಸಿಗೆ. ಚಾಲೆಂಜ್ ಮಾತ್ರ ನಡೆದೇ ಇತ್ತು. ದಿನಕ್ಕೊಂದು ಬರೆಯುತ್ತಿದ್ದೆ, ಫೋಟೋ ಹಾಕುತ್ತಿದ್ದೆ, ಗುರುತು ಮಾಡುತ್ತಿದ್ದೆ. ಅದು ಮುಗಿದ ದಿನ ಎಲ್ಲರ ಫೋನಿಗೂ ಬಣ್ಣಬಣ್ಣದ ಸರ್ಟಿಫಿಕೇಟ್ ಬಂತು. ಅದರ ಮೂಲೆಯಲ್ಲಿ ಒಂದು ನವಿಲಿತ್ತು.

ಮಳೆಗಾಲದಲ್ಲಿ ಕಾಕಾ ಕೊಡೆ ಹಿಡಿದು ಕೂತರು. ಮಳೆ ಬಂದರೆ ಒಳ್ಳೆಯದೇ, ಗೋಡೆ ತಾನಾಗಿ ತೊಳೆದುಹೋಗುತ್ತದೆ ಎಂದು ಎಷ್ಟು ಹೇಳಿದರೂ ಏಳಲಿಲ್ಲ. ಜ್ವರ ಬಂತು, ಎದೆಗೆ ಇಳಿಯಿತು. ಹುಬ್ಬಳ್ಳಿಯ ದವಾಖಾನೆಗೆ ಒಯ್ದು ವಾಪಸು ಕರೆತಂದ ಮೇಲೆ ನೋಡಲು ಹೋಗಿದ್ದೆ. ಹಾಸಿಗೆಯಲ್ಲೇ ಎಲ್ಲ. ಕೋಣೆಯಲ್ಲಿ ವಾಸನೆ ಇತ್ತು, ಕಾಕು ಒರೆಸುತ್ತಿದ್ದರು. ಕಾಕಾ ಆ ವಾಸನೆಗೆ ನಾಚಿ ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡಿದ್ದರು.

"ಬಾಗಲಾಗ ನಿಂದರಬ್ಯಾಡ, ಒಳಗ ಬಾ" ಎಂದರು ನನಗೆ. ಹೋಗಿ ಕೂತೆ. ಗೋಡೆಯ ಕಡೆಯೇ ಮುಖ ಮಾಡಿ ಹೇಳಿದರು. "ಆಕಿನ್ನ ಅಲ್ಲಿಂದ ತಗೀರಿ... ಮಾರಿ ಒಡೀಬ್ಯಾಡ್ರಿ."

ಎರಡೂ ಒಟ್ಟಿಗೆ ಆಗುವುದಿಲ್ಲವೆಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ನಾನು ಹೂಂ ಅಂದೆ. ಅದೇ ವಾರ ಹೋದರು. ಯಳವತ್ತಿಯ ಹೊಲದಲ್ಲಿ, ಅವ್ವನ ಮಗ್ಗುಲಲ್ಲೇ ಮಣ್ಣು ಮಾಡಿದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಕಾಕು ಫೋನ್ ಮಾಡಿ ಕರೆದರು. ಹೋದಾಗ ಉಳಿ, ಸುತ್ತಿಗೆ ಹಿಡಿದು ಗೋಡೆಯ ಮುಂದೆ ನಿಂತಿದ್ದರು. ಹಾಡುಹಗಲು. ಓಣಿಯ ತುಂಬ ಜನ. ಕಾಕಾ ಇಲ್ಲದ ಅಷ್ಟು ದಿನಗಳಲ್ಲಿ ಅವ್ವನಿಗೆ ಏನೇನಾಗಿತ್ತೋ ಅದನ್ನು ಬರೆಯುವುದಿಲ್ಲ. ಕಾಕು ಆಗಲೇ ತೊಳೆದಿದ್ದರು.

"ಮಾರಿ ಒಡೀಬ್ಯಾಡ್ರಿ ಅಂದಿದ್ರು ಕಾಕಾ" ಎಂದೆ.

"ಅಂದಿದ್ರು. ಅವರು ಮಗಾ, ಅವರ ಕೈಲೆ ಆಗಲಿಲ್ಲ. ನಾ ಸೊಸಿ."

ಉಳಿಯನ್ನು ಗದ್ದದ ಕೆಳಗೆ ಇಟ್ಟರು. ಇಟ್ಟವರು ತಡೆದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹಾಸಿಗೆ ಹಿಡಿದವರನ್ನು ಎಬ್ಬಿಸುವ ದನಿಯಲ್ಲಿ ಹೇಳಿದರು. "ಅತ್ತೀ, ಭಾಳ ದಿನಾ ಆತು ಇಲ್ಲಿ. ಏಳ್ರಿ, ಮನಿಗಿ ಹೋಗೂಣು."

ಮೊದಲ ಪೆಟ್ಟಿಗೇ ಒಡೆಯಿತು. ಕಣ್ಣು ಒಂದು ಕಡೆ, ಹಲ್ಲು ಒಂದು ಕಡೆ. ಕಾಕು ನಿಲ್ಲಿಸಲಿಲ್ಲ. ಅಂಟಿಕೊಂಡ ಸಣ್ಣ ಚೂರುಗಳನ್ನು ಉಗುರಿನಿಂದ ಎಬ್ಬಿಸಿ, ಒಂದೊಂದನ್ನೂ ಉಡಿಯಲ್ಲಿ ಹಾಕಿಕೊಂಡರು. ನಾನು ಕೆಳಗೆ ಬಿದ್ದದ್ದನ್ನು ಆರಿಸಿ ಕೊಟ್ಟೆ. ಆ ನೆಲದ ಮೇಲೆ ಮೊಣಕಾಲೂರಿದ್ದೆ ಎಂಬುದು ಎದ್ದ ಮೇಲೆಯೇ ಗೊತ್ತಾಯಿತು.

ಆಗ ಹಿಂದಿನಿಂದ ಒಂದು ದನಿ. ಒಬ್ಬ ಗಂಡಸು ಆಗಿನಿಂದಲೂ ಬದಿಗೆ ನಿಂತು ಕಾಲು ಬದಲಿಸುತ್ತಿದ್ದ.

"ಆತೇನ್ರಿ ನಿಮ್ದು?"

ಕಾಕು ಉಡಿ ಹಿಡಿದುಕೊಂಡೇ ತಿರುಗಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ಆತು ಬಾಪಾ. ಬಾ, ಮುಗಸ್ಕೋ" ಎಂದು ಎರಡು ಹೆಜ್ಜೆ ಸರಿದು ಜಾಗ ಬಿಟ್ಟರು. ಬಿಟ್ಟು ಅಲ್ಲೇ ನಿಂತರು. ಕದಲಲಿಲ್ಲ, ಮುಖ ತಿರುಗಿಸಲಿಲ್ಲ. ಅವನು ಗೋಡೆಯ ಕಡೆ ಹೋದ, ಕೈ ಸೊಂಟಕ್ಕೆ ಒಯ್ದ, ತಿರುಗಿ ನೋಡಿದ, ಮತ್ತೆ ತಿರುಗಿ ನೋಡಿದ. ಕಾಕು ನಿಂತೇ ಇದ್ದರು. ಅವನು ಏನೋ ಗೊಣಗುತ್ತ ನಿಲ್ದಾಣದ ಕಡೆ ಹೊರಟುಹೋದ.

ಈಗ ಆ ಅಂಗಡಿ ಇಲ್ಲ, ಮೊಬೈಲ್ ಕವರ್ ಮಾರುತ್ತಾರೆ. ಕಾಕು ಮಗಳ ಮನೆಗೆ ಹೋದರು. ಆ ಚೂರುಗಳನ್ನು ಏನು ಮಾಡಿದರೋ ನಾನು ಕೇಳಲಿಲ್ಲ. ಗೋಡೆಯಲ್ಲಿ ಟೈಲ್ಸಿನ ಅಳತೆಯ ಒಂದು ಚೌಕ ಗುಳಿ ಉಳಿದಿದೆ. ನಾನು ಈಗಲೂ ದಿನಕ್ಕೊಂದು ಬರೆಯುತ್ತೇನೆ, ಯಾರಿಗೂ ತೋರಿಸುವುದಿಲ್ಲ, ಮುಖ ಬರೆಯುವುದಿಲ್ಲ.

ಲಕ್ಷ್ಮೇಶ್ವರದ ಬಸ್ಸಿನಿಂದ ಇಳಿದು ಆ ಓಣಿಯಲ್ಲಿ ಬರುವಾಗ ನಾನು ಆಚೆ ಬದಿಗೆ ದಾಟುವುದನ್ನು ಬಿಟ್ಟಿದ್ದೇನೆ. ಯಾರಾದರೂ ಗೋಡೆಗೆ ನಿಂತಿದ್ದರೆ ನಾನೂ ನಿಲ್ಲುತ್ತೇನೆ, ಅವರು ತಿರುಗುವ ತನಕ ನೋಡುತ್ತೇನೆ. ಕೆಲವರು ತಿರುಗಿದವರೇ ತಲೆ ತಗ್ಗಿಸುತ್ತಾರೆ. ಕೆಲವರು ತಗ್ಗಿಸುವುದಿಲ್ಲ, ಒಬ್ಬ ನಕ್ಕ. ಆದರೂ ನಿಲ್ಲುತ್ತೇನೆ. ಮೊದಲಾದರೆ ಇಬ್ಬರಿದ್ದೆವು. ಪಕ್ಕದಲ್ಲಿ ಕಾಕಾ ಥೂ ಎಂದರೆ ನನ್ನ ಹೇಸಿಗೆಯ ಅರ್ಧವನ್ನು ಅವರು ಹೊತ್ತಂತಾಗುತ್ತಿತ್ತು. ಈಗ ಇಡೀ ಹೇಸಿಗೆಯನ್ನು ಒಬ್ಬಳೇ ಹೊತ್ತು ಬೆಟಗೇರಿಯ ತನಕ ನಡೆಯಬೇಕು...